ಕೋರಿಕೆ ಏನೂ ಇಲ್ಲದ ಒಂದು ಅರ್ಜಿ

ಇಂದ,
ಅಕ್ಕೂರಿನಲ್ಲಿ ಅರ್ಜಿ ಬರೆದುಕೊಡುವವನು,
ಚನ್ನಪಟ್ಟಣ ತಾಲ್ಲೂಕು.

ಇವರಿಗೆ,
ಟಪಾಲು ತೆಗೆದುಕೊಳ್ಳುವ ಮೇಜುಗಳ ಹಿಂದೆ ಕುಳಿತ ಎಲ್ಲರಿಗೂ,
ಆ ಮೇಜುಗಳ ಮುಂದೆ ನಿಲ್ಲುವ ನನ್ನ ಊರಿನವರಿಗೂ.

ಮಾನ್ಯರೆ,

ವಿಷಯ: ಉಪಕಾರ ನೆನೆದು ಬರೆದ ಕಾಗದವನ್ನು ತೆಗೆದುಕೊಳ್ಳದೆ ವಾಪಸು ಕಳಿಸಿದ ಬಗ್ಗೆ.

ಮೇಲೆ ಜಿಲ್ಲೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮಪ್ಪ ಬರೆಸಿದ ಹಳೆಯ ಅರ್ಜಿಗಳಲ್ಲಿ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಊರು ಇದ್ದಲ್ಲೇ ಇದೆ. ಅರ್ಜಿಯ ಧಾಟಿಯೂ ಇದ್ದಲ್ಲೇ ಇದೆ. 'ಘನ ಸರ್ಕಾರದವರು ಬಡವಳಾದ ನನ್ನ ಮೇಲೆ ಕೃಪೆಯಿಟ್ಟು ದಯಪಾಲಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ' ಅಂತ ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪಹಣಿಯಲ್ಲಿ ಅವರೇ ತಪ್ಪು ಕೂರಿಸಿದ ಹೆಸರನ್ನು ಅವರೇ ತಿದ್ದೋದಕ್ಕೆ ಕೃಪೆ ಯಾಕೆ ಬೇಕು ಅಂತ ನಾನು ಕೇಳಿದರೆ ಬರೆಸಲು ಬಂದವರೇ, 'ಇರ್ಲಿ ಬರಿ, ಕೈ ಮುಗುದ್ರೆ ನಮ್ ಗಂಟೇನ್ ಹೋಯ್ತದೆ' ಅನ್ನುತ್ತಾರೆ. ಒಂದು ಅರ್ಜಿಗೆ 30 ರೂಪಾಯಿ. ಕೃಪೆಗೆ ಬೇರೆ ಚಾರ್ಜಿಲ್ಲ.

ಕಳೆದ ಕಾರ್ತಿಕದಲ್ಲಿ ಒಬ್ಬ ಅಜ್ಜಿ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಮೂರು ಹತ್ತರ ನೋಟು ಮೇಜಿನ ಮೇಲಿಟ್ಟು, 'ಒಂದು ಕಾಗ್ದ ಬರ್ಕೊಡಪ್ಪ' ಅಂದರು.

'ಏನಾಗ್ಬೇಕಿತ್ತವ್ವಾ?'

'ಆಗ್ಬೇಕಾದ್ದೇನಿಲ್ಲ. ಆಗೋಯ್ತು. ಆಯ್ತು ಅಂತ ಬರಿ.'

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಕೆಗೆ ಬರುತ್ತಿದ್ದ ತಿಂಗಳಿಗೆ 1,200 ರೂಪಾಯಿ ಐದು ತಿಂಗಳಿಂದ ನಿಂತಿತ್ತು. ಆಧಾರ್ ಬ್ಯಾಂಕಿನ ಖಾತೆಗೆ ಜೋಡಣೆಯಾಗಿರಲಿಲ್ಲ. ಅದು ಆಕೆಗೆ ಗೊತ್ತಿಲ್ಲ. ಯಾರೂ ಹೇಳಿರಲಿಲ್ಲ. ಬೇರೇನೋ ಕೆಲಸಕ್ಕೆ ಬೀದಿಗೆ ಬಂದಿದ್ದ ವಿ.ಎ. ಹುಡುಗ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ನೋಡಿ, ಕಾರಣ ಹೇಳಿ, ತನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಕರೆದೊಯ್ದ. ಬೆರಳಚ್ಚು ಹತ್ತದಿದ್ದಾಗ ಕೈ ತೊಳೆಸಿ, ಒರೆಸಿ, ಮತ್ತೆ ಒತ್ತಿಸಿ, ಕೆಲಸ ಮುಗಿಯುವವರೆಗೂ ನಿಂತಿದ್ದು ವಾಪಸು ತಂದು ಬಿಟ್ಟ. ಇಲಾಖೆಯವರು ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು ಕೊಟ್ಟಿದ್ದಾರೆ. ನಮ್ಮ ಬಾಯಲ್ಲಿ ವಿ.ಎ., ಅಜ್ಜಿಯ ಬಾಯಲ್ಲಿ ಶಾನುಭೋಗ. ಈ ಶಾನುಭೋಗ ಬಿಜಾಪುರದ ಕಡೆಯವನು. ದುಡ್ಡು ಬಂದದ್ದಕ್ಕಿಂತ ಅಜ್ಜಿಗೆ ಹೆಚ್ಚು ಹಿಡಿಸಿದ್ದು ಅವನ ಮಾತು. 'ಬರ್ರಿ ಅವ್ವಾರ, ಕೂಡ್ರಿ, ಗಟ್ಟಿಗಿ ಹಿಡ್ಕೋರಿ' ಅಂದನಂತೆ. 'ನಂಗೆ ಹುಟ್ಟಿದಾಗಿಂದ ಯಾರೂ ರೀ ಅಂದಿರ್ನಿಲ್ಲ ಕಣಪ್ಪ. ನಮ್ ಯಜಮಾನ್ರಿಗೆ ನಾನು ಅಂತಿದ್ದೆ, ಅಷ್ಟೆ.'

ಬರೆದೆ. ಅರ್ಧ ಹಾಳೆ. ಇಷ್ಟು ವರ್ಷದಲ್ಲಿ ಕೃಪೆಯೂ ದಯೆಯೂ ಇಲ್ಲದ ಮೊದಲ ಕಾಗದ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಆ ಹುಡುಗನ ಮೇಲಿನವರಿಗೆ ತಲುಪಲಿ ಅಂತ ನಾನೇ ಒಂದು ಕಚೇರಿಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ; ಹೇಳಿದರೆ ಅಲ್ಲಿನ ಗುಮಾಸ್ತರ ಮೇಲೆ ಇದೇ ಇನ್ನೊಂದು ಅರ್ಜಿಯಾದೀತು.

ಗುಮಾಸ್ತರು ಕಾಗದವನ್ನು ಎರಡು ಸಲ ಓದಿದರು. ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ.

'ಕೋರಿಕೆ ಏನ್ರೀ?'

'ಏನಿಲ್ಲ ಸಾರ್. ಒಳ್ಳೇದಾಯ್ತು ಅಂತ ತಿಳಿಸೋಕೆ.'

'ಯಾವ ಸೆಕ್ಷನ್ನಿಗೆ ಹಾಕ್ಲಿ? ಪಿಂಚಣಿಗೆ ಹಾಕಿದ್ರೆ ಪಿಂಚಣಿ ಬಂದಿದೆ ಅಂತೀರಿ. ದೂರಿಗೆ ಹಾಕಿದ್ರೆ ದೂರಿಲ್ಲ ಅಂತೀರಿ. ಇನ್‌ವರ್ಡ್ ಮಾಡಿದ್ಮೇಲೆ ನಾನು ವಿಲೇ ತೋರಿಸ್ಬೇಕು. ಇದನ್ನ ಹೆಂಗೆ ವಿಲೇ ಮಾಡ್ಲಿ?'

ಅವರು ಒರಟಾಗಿ ಹೇಳಲಿಲ್ಲ, ಅದನ್ನು ಇಲ್ಲಿ ದಾಖಲಿಸುತ್ತೇನೆ. ನಿಜಕ್ಕೂ ಅವರಿಗೆ ತೋಚಲಿಲ್ಲ. ಕಾಗದ ನನ್ನ ಕೈಗೇ ಬಂತು. ನನ್ನ ದೂರು ಆ ಮನುಷ್ಯರ ಮೇಲಲ್ಲ, ಆ ರಿಜಿಸ್ಟರಿನ ಮೇಲೆ.

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸುತ್ತಾ ಬಂದೆ. ತಪ್ಪು ಬರೀ ರಿಜಿಸ್ಟರಿನದೂ ಅಲ್ಲವೇನೋ. ನಮ್ಮ ಕಡೆ 'ಧನ್ಯವಾದ' ಮನೆಯೊಳಗಿನ ಮಾತಲ್ಲ. ಸಭೆ ಮುಗಿಯುವಾಗ ವಂದನಾರ್ಪಣೆಗೆ ನಿಂತವರ ಮಾತು, ಅಷ್ಟೊತ್ತಿಗೆ ಜನ ಊಟದ ಎಲೆ ಕಡೆ ಎದ್ದಿರುತ್ತಾರೆ. ಹಿರಿಯರು 'ನಿನ್ ಹೊಟ್ಟೆ ತಣ್ಣಗಿರ್ಲಿ' ಅನ್ನುತ್ತಾರೆ, ಅದು ಹರಕೆ. ಸರೀಕರ ನಡುವೆ ಅದೂ ಇಲ್ಲ. ಅಲ್ಲಿ ನಡೆಯುವುದು ಮುಯ್ಯಿ.

ರೇಷ್ಮೆ ಸಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಳು ನಾಲ್ಕು ಜ್ವರ ಎದ್ದು, ಆಮೇಲೆ ಏಳೆಂಟು ದಿನ ಹಗಲೂ ರಾತ್ರಿ ಸೊಪ್ಪು ಮೇದು ಹಣ್ಣಾಗುತ್ತದೆ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮೈ ಮಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸತೊಡಗಿತೆಂದರೆ ಆಗಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಡ್ಡಿಯ ಮೇಲೆ, ಕಸದ ಮೇಲೆ ನೂಲು ಬಿಟ್ಟು ಗೂಡು ಕೆಡುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ರೀಲರು ಕೈಯಲ್ಲಿ ಹಿಡಿದು ಮೂಗು ಮುರಿಯುತ್ತಾನೆ. ಇದು ರಾತ್ರಿ ಒಂದು ಗಂಟೆಗೂ ಆಗಬಹುದು. ಆಗ ಮನೆಯವಳು ಬೀದಿಗೆ ಬಂದು 'ಹಣ್ಣಾಯ್ತವೆ ಬನ್ರವ್ವಾ' ಅಂದರೆ ಸಾಕು, ಅಕ್ಕಪಕ್ಕದ ನಾಲ್ಕು ಬಾಗಿಲು ತೆಗೆಯುತ್ತವೆ. ಮೂರು ದಿನದಿಂದ ಮಾತು ಬಿಟ್ಟಿದ್ದ ಓರಗಿತ್ತಿಯೂ ಬರುತ್ತಾಳೆ. ಹುಳು ಮನೆಯ ಬಲ್ಬಿನ ಕೆಳಗೆ ಕೂತು ಬೆಳಗಿನ ಜಾವದವರೆಗೆ ಆಯುತ್ತಾರೆ. ಕೆಲಸ ಮುಗಿದು ಎದ್ದು ಹೊರಡುವಾಗ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮನೆಯವಳು ಒಂದೇ ಒಂದು ಕೇಳುತ್ತಾಳೆ: 'ನಿಮ್ಮನೇವು ಯಾವಾಗ ಹಣ್ಣಾಯ್ತವೆ?'

ನಮ್ಮ ಕಡೆಯ ಕೃತಜ್ಞತೆಯ ವಾಕ್ಯ ಅದು. ಅದಕ್ಕಿಂತ ಒಳ್ಳೆಯದನ್ನು ನಾನು ಯಾವ ಅರ್ಜಿಯಲ್ಲೂ ಬರೆದಿಲ್ಲ.

ಮದುವೆ ಮನೆಯ ಮುಯ್ಯಿ ಪುಸ್ತಕವೂ ಹಾಗೇ. ನಮ್ಮಕ್ಕನ ಮದುವೆಯದು ಇನ್ನೂ ಇದೆ, ಅರಿಶಿನ ಕೈ ತಗುಲಿ ಹಾಳೆ ಹಳದಿಯಾಗಿದೆ. 'ಐದು ರೂಪಾಯಿ', 'ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ', 'ಒಂದು ಪಂಚೆ'. ಆ ಮನೆಗಳಲ್ಲಿ ಮದುವೆಯಾದಾಗ ಅಪ್ಪ ಪುಸ್ತಕ ತೆಗೆದು ನೋಡಿ, ಮೇಲೆ ಒಂದಿಷ್ಟು ಸೇರಿಸಿ ಮುಯ್ಯಿ ತೀರಿಸುತ್ತಿದ್ದರು. ಇದು ಬಡ್ಡಿ ಲೆಕ್ಕ ಅಂತ ನಗುವವರಿದ್ದಾರೆ. ಲೆಕ್ಕ ಹೌದು, ಆದರೆ ಮರೆಯಬಾರದು ಅಂತ ಬರೆದಿಟ್ಟ ಲೆಕ್ಕ.

ಈ ಏರ್ಪಾಡಿನ ಒಂದು ಕೊರತೆ ನನಗೆ ಕಂಡದ್ದು ಅವತ್ತೇ. ಬಿಜಾಪುರದ ಹುಡುಗ ಇಲ್ಲಿ ಹುಳ ಸಾಕುವುದಿಲ್ಲ. ಅವನ ಮನೆ ಮದುವೆಗೆ ಅಕ್ಕೂರಿನ ಅಜ್ಜಿ ಹೋಗಲಾರಳು. ಮುಯ್ಯಿ ತೀರಿಸಲು ದಾರಿಯಿಲ್ಲ. ಕಂಡಕ್ಟರು, ಲೈನ್‌ಮನ್ನು, ಆಸ್ಪತ್ರೆಯ ನರ್ಸಮ್ಮ, ಅಂಚೆಯವನು ಎಲ್ಲರೂ ಹೀಗೇ. ನಮ್ಮವರಲ್ಲದವರ ಉಪಕಾರಕ್ಕೆ ನಮ್ಮಲ್ಲಿ ಮುಯ್ಯಿಯೂ ಇಲ್ಲ, ಮಾತೂ ಇಲ್ಲ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು ಕವರು. 'ಏನೋ ಖುಷಿಗೆ ಕೊಡಿ' ಅಂತ ಆಚೆಯವರು, 'ಖುಷಿಗೆ ಕೊಟ್ವಿ' ಅಂತ ಈಚೆಯವರು. ಯಾರ ಖುಷಿ ಅಂತ ನಾನು ಇವತ್ತಿಗೂ ಕೇಳುತ್ತಿದ್ದೇನೆ. ಕೊಡುವವನ ಮುಖದಲ್ಲಂತೂ ಕಂಡಿಲ್ಲ. ಅಜ್ಜಿಯ ಬರೀ ಕಾಗದ ಆ ಗುಮಾಸ್ತರನ್ನು ಗಾಬರಿ ಮಾಡಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಏಕವಚನದ ಮಾತು. ಹಳೇ ಮೈಸೂರಿನವರಿಗೆ ಅದು ಸಲಿಗೆ. ಅವ್ವನನ್ನು 'ನೀನು' ಅನ್ನುತ್ತೇವೆ, ಕೆಂಗಲ್ ಆಂಜನೇಯನನ್ನೂ 'ನೀನೇ ಕಾಪಾಡಪ್ಪಾ' ಅನ್ನುತ್ತೇವೆ. ಆ ಏಕವಚನ ಬೇರೆ. ಕಿಟಕಿಯ ಆ ಕಡೆಯಿಂದ ಎಪ್ಪತ್ತರ ಮುದುಕನಿಗೆ ಮುಖ ಎತ್ತದೆ 'ಏನಯ್ಯಾ ನಿಂದು?' ಅಂತ ಬರುವ ಏಕವಚನ ಬೇರೆ. ಅದೇ ಬಾಯಿ, ಹಿಂದೆ ನಿಂತ ಪ್ಯಾಂಟಿನವನಿಗೆ 'ಹೇಳಿ ಸಾರ್' ಅನ್ನುತ್ತದೆ. ಅರ್ಜಿ ಬರೆಯುವವನಾಗಿ ಸಾಲಿನ ಪಕ್ಕದಲ್ಲೇ ನಿಂತಿರುವ ನನಗೆ ಈ ಎರಡು ಮಾತಿನ ನಡುವಿನ ದೂರ ಚೆನ್ನಾಗಿ ಗೊತ್ತು. ಮೂರಡಿ.

ಸಕಾಲ ಕಾಯ್ದೆ ಬಂದದ್ದು 2011ರಲ್ಲಿ, ಜಾರಿಯಾದದ್ದು 2012ರ ಏಪ್ರಿಲ್‌ನಲ್ಲಿ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಿಗಬೇಕು. ಒಳ್ಳೆಯ ಕಾಯ್ದೆ. ಅರ್ಜಿಗೆ ಒಂದು ನಂಬರು ಸಿಕ್ಕಿದ್ದೇ ದೊಡ್ಡದು, 'ನಾಳೆ ಬಾ' ಅನ್ನುವ ಮಾತಿಗೆ ಅಲ್ಲಿಂದಾಚೆ ಒಂದು ತಾರೀಕು ಬಂತು. ಆದರೆ ತಡವಾದದ್ದಕ್ಕೆ 20 ರೂಪಾಯಿ ಆದರೆ, ಗಂಟಿಕ್ಕಿದ ಮುಖಕ್ಕೆ ಎಷ್ಟು? ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 3ಎ ಅಂತ ಒಂದಿದೆ, ಕೆಲಸದ ವೇಳೆ ಅಸೌಜನ್ಯದಿಂದ ನಡೆಯಬಾರದು ಅನ್ನುತ್ತದೆ. ಮೇಜಿನ ಹಿಂದೆ ಕೂತ ಕೆಲವರಿಗಾದರೂ ಇಷ್ಟಿದೆ.

ಮುಂದೆ ನಿಂತವರಿಗೆ ಏನೂ ಇಲ್ಲ. ಊರಿನವರೇ, ಈಗ ನಿಮ್ಮ ಸರದಿ, ನನ್ನದೂ ಸೇರಿಸಿ. 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು. ಅವರು ಕೇಳಿದ್ದರಲ್ಲಿ ಕೂರಲು ಕುರ್ಚಿ, ಮೇಜು ಕೂಡ ಇದ್ದವು. ಮೊಬೈಲಿಗೆ ಒಂದರ ಮೇಲೊಂದು ಆ್ಯಪು ತುಂಬಿ ಕೆಲಸ ಹೇರುತ್ತಾರೆ ಅನ್ನುವ ಗೋಳೂ ಇತ್ತು. ನನ್ನ ಅಂಗಡಿ ಮುಂದೆ ನಿಂತು ನೀವು ಆಡಿದ್ದೇನು? 'ತಿಂದ ಸಂಬಳ ಕರಗ್ತಿಲ್ಲ ನನ್ಮಕ್ಳಿಗೆ.' ಅದೇ ಬಾಯಲ್ಲಿ ನನ್ನ ಹತ್ತಿರ 'ಘನ ಸರ್ಕಾರದವರು ಕೃಪೆಯಿಟ್ಟು' ಅಂತ ಬರೆಸಿದ್ದೀರಿ.

2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಅವತ್ತಿಂದ ಸೀಟು ಸಿಗದ ಗಂಡಸು 'ಫ್ರೀ ಗಿರಾಕಿಗಳು' ಅಂತ ಕೇಳುವ ಹಾಗೆ ಗೊಣಗುವುದು, ತೋಟದ ಕೂಲಿಗೆ ಹೊರಟ ಹೆಂಗಸು ಕೇಳಿಸದ ಹಾಗೆ ಕಿಟಕಿ ಕಡೆ ತಿರುಗುವುದು. ಅವಳ ದುಡ್ಡನ್ನು ನಿಗಮಕ್ಕೆ ಸರ್ಕಾರ ಕಟ್ಟುತ್ತದೆ, ಸರ್ಕಾರಕ್ಕೆ ಅವಳು ಕೊಳ್ಳುವ ಸೋಪಿನಿಂದ ಹಿಡಿದು ಎಲ್ಲದರಲ್ಲೂ ತೆರಿಗೆ ಹೋಗುತ್ತದೆ. ಇಷ್ಟು ಲೆಕ್ಕ ಬಸ್ಸಿನಲ್ಲಿ ಯಾರಿಗೂ ಬೇಡ.

ನನ್ನದನ್ನೂ ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಗೆ ಎರಡು ರಾತ್ರಿ ಕರೆಂಟಿರಲಿಲ್ಲ. ಲೈನ್‌ಮನ್‌ಗೆ ಏಳು ಸಲ ಫೋನು ಮಾಡಿದೆ, ಐದನೆಯದರಿಂದ ಏಕವಚನ. ಅವನು ಮಳೆಯಲ್ಲೇ ಬಂದು ಕಂಬ ಹತ್ತಿದ. ನಾವು ಏಳೆಂಟು ಜನ ಛತ್ರಿ ಹಿಡಿದು ಕೆಳಗೆ ನಿಂತು ಸಲಹೆ ಕೊಟ್ಟೆವು. ದೀಪ ಬಂತು, ಮಕ್ಕಳು ಹೋ ಅಂದವು, ಎಲ್ಲರೂ ಒಳಗೆ ಹೋದೆವು. ಟಿವಿಯಲ್ಲಿ ಸುದ್ದಿ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ನೆನಪಾಯಿತು, ಅವನು ಇನ್ನೂ ಕಂಬದ ಮೇಲಿದ್ದಾನೆ.

ಹಾಗಾದರೆ ನಮಗೆ ಕೃತಜ್ಞತೆ ಹೇಳಲು ಬರುವುದೇ ಇಲ್ಲವೇ? ಬರುತ್ತದೆ, ಫ್ಲೆಕ್ಸಿನ ಮೇಲೆ. ತಂಗುದಾಣದ ಹಣೆಯ ಮೇಲೆ ಅನುದಾನ ಕೊಟ್ಟವರ ಹೆಸರು ಎಷ್ಟು ದಪ್ಪ ಅಂದರೆ ಊರಿನ ಹೆಸರಿಗೆ ಮೂಲೆಯಲ್ಲಿ ಜಾಗ. ನಮ್ಮ ತಾಲ್ಲೂಕಿನ ನೀರಿನ ಕತೆಯನ್ನೇ ನೋಡಿ. ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಕಟ್ಟಿದ ಬ್ಯಾರೇಜಿಗೆ ಎಚ್.ಡಿ. ದೇವೇಗೌಡರ ಹೆಸರು. ಅಲ್ಲಿಂದ ನೀರೆತ್ತಿ ಕೆರೆಗಳಿಗೆ ತುಂಬಿಸಿದ್ದಕ್ಕೆ ಇಲ್ಲಿಂದ ಶಾಸಕರಾದ ಸಿ.ಪಿ. ಯೋಗೇಶ್ವರ್ ಅವರನ್ನು ಬೆಂಬಲಿಗರು ಭಗೀರಥ ಅಂದರು. 2024ರ ನವೆಂಬರ್ 13ರ ಇಲ್ಲಿನ ಉಪಚುನಾವಣೆಯಲ್ಲಿ ಕೆರೆಯ ನೀರು ಯಾರ ಋಣ ಅನ್ನುವುದರ ಮೇಲೂ ಭಾಷಣಗಳಾದವು. ಬ್ಯಾರೇಜಿಲ್ಲದೆ ಪಂಪಿಲ್ಲ, ಪಂಪಿಲ್ಲದೆ ಕೆರೆಗೆ ನೀರಿಲ್ಲ, ಹಾಗಾಗಿ ಇಬ್ಬರಿಗೂ ಪಾಲಿದೆ ಅಂತ ನನ್ನ ಎಣಿಕೆ. ನನ್ನ ತಕರಾರು ಬೇರೆ. ಉಪಕಾರ ಮಾಡಿದವರೇ ಮೈಕು ಹಿಡಿದು ಉಪಕಾರ ನೆನೆಸಿದರೆ ಉಪಕಾರ ಪಡೆದವರು ಹೇಳಲಿಕ್ಕೆ ಏನು ಉಳಿಯಿತು?

ಮತ್ತೆ, ಪಂಪು ಚಾಲೂ ಮಾಡುವವನ ಫೋಟೊ, ಬೆಳಗಿನ ಜಾವ ವಾಲ್ವು ತಿರುಗಿಸುವ ವಾಟರ್‌ಮನ್ನಿನ ಫೋಟೊ ನಾನು ಯಾವ ಫ್ಲೆಕ್ಸಿನಲ್ಲೂ ಕಂಡಿಲ್ಲ. ಹಿಂದೆ ಕೆರೆಯ ತೂಬು ಎತ್ತುವ ನೀರುಗಂಟಿ ಇದ್ದ. ಕಣದಲ್ಲಿ ರಾಶಿ ಅಳೆಯುವಾಗ ಅವನಿಗೆ, ಕಮ್ಮಾರನಿಗೆ, ತೋಟಿ ತಳವಾರನಿಗೆ ಆಯ ಎತ್ತಿಟ್ಟು ಮಿಕ್ಕದ್ದನ್ನು ಮನೆಗೆ ತುಂಬುತ್ತಿದ್ದರು. ಆ ಕಾಲವನ್ನು ಹೊಗಳಲಾರೆ. ಆಯಕ್ಕಾಗಿ ಕಣದ ಅಂಚಿನಲ್ಲಿ ದೂರ ನಿಂತು ಕಾಯಬೇಕಾದವರಿದ್ದರು, ಅವರ ಮೊಮ್ಮಕ್ಕಳು ಈಗ ನನ್ನ ಹತ್ತಿರ ಅರ್ಜಿ ಬರೆಸುತ್ತಾರೆ, ಆ ಕತೆ ನನಗೆ ಅವರೇ ಹೇಳಿದ್ದು. ಆದರೂ ರಾಶಿ ಮನೆ ಸೇರುವ ಮೊದಲು ನೀರು ಬಿಟ್ಟವನ ನೆನಪಾಗಬೇಕು ಅನ್ನುವ ಒಂದು ಸರತಿ ಅಲ್ಲಿತ್ತು.

ದೊಡ್ಡವರ ಋಣವನ್ನೂ ನಾವು ಫ್ಲೆಕ್ಸು ಹರಿಯುವ ತನಕವೇ ನೆನೆಯುವುದು. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿಸಿದ ಕೆಂಗಲ್ ಹನುಮಂತಯ್ಯನವರು ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯವರು, ನಮ್ಮ ಕಡೆಯವರೇ. ಹಳೇ ಮೈಸೂರಿನ ಎಷ್ಟೋ ಮುಖಂಡರು ಬೇಡವೆನ್ನುತ್ತಿದ್ದಾಗ ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಸ್ವಂತ ಪಕ್ಷದವರೇ ಅವರನ್ನು ಮುಖ್ಯಮಂತ್ರಿ ಕುರ್ಚಿಯಿಂದ ಇಳಿಸಿದರು. ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಖ್ಯಮಂತ್ರಿಯಾಗಿ ನಿಂತವರು ನಿಜಲಿಂಗಪ್ಪ. ಕೆಂಗಲ್ಲರ ಆ ಒಂದು ಸಾಲು ಮಾತ್ರ ಕಲ್ಲಿನಲ್ಲಿ ಉಳಿಯಿತು. ದೇವರ ಕೆಲಸ ಅಂದರೆ ಭಕ್ತರನ್ನು ಹೊರಗೆ ಸಾಲಿನಲ್ಲಿ ನಿಲ್ಲಿಸುವುದು ಅಂತ ಅರ್ಥ ಮಾಡಿಕೊಂಡವರೂ ಉಂಟು, ಅದಕ್ಕೆ ಅವರು ಹೊಣೆಯಲ್ಲ.

ಈಗ ಅಜ್ಜಿಯ ಕಾಗದ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ.

ವಾಪಸು ತಂದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮರುವಾರ ಉಪಾಯ ಮಾಡಿದೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ಕೋರಿಕೆ: ಸದರಿ ನೌಕರರ ಸೇವೆಯನ್ನು ದಯಮಾಡಿ ಗಮನಿಸಬೇಕಾಗಿ ಪ್ರಾರ್ಥನೆ.' ತೆಗೆದುಕೊಂಡರು. ಸೀಲು ಬಿತ್ತು, ನಂಬರು ಬಂತು, ಸ್ವೀಕೃತಿ ಕೊಟ್ಟರು.

ಇಪ್ಪತ್ತು ದಿನದ ಮೇಲೆ ಆ ಹುಡುಗ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಮುಖ ಬಾಡಿತ್ತು. ಕೈಯಲ್ಲಿ ಒಂದು ಜ್ಞಾಪನ. ಅಜ್ಜಿಯ ಕಾಗದಕ್ಕೆ ಪಿನ್ನು ಹೊಡೆದು ಮೇಲೆ ಬರೆದಿತ್ತು: 'ಸದರಿ ಅರ್ಜಿಯ ಬಗ್ಗೆ ನಿಯಮಾನುಸಾರ ಕ್ರಮ ಕೈಗೊಂಡು ಏಳು ದಿನದೊಳಗೆ ವರದಿ ಸಲ್ಲಿಸುವುದು.'

'ಏನ್ರಿ ಅಣ್ಣಾರ, ನನ್ನ ಮ್ಯಾಲೆ ಅರ್ಜಿ ಬರದೀರಂತಲ್ರಿ? ನಾ ಏನ್ ತಪ್ಪು ಮಾಡೀನ್ರಿ?'

ಕೆಳಗಿನ ಹಾಳೆಯನ್ನು ಅವನು ಓದಿಯೇ ಇರಲಿಲ್ಲ. ಜ್ಞಾಪನ ಬಂದಾಗ ಕೆಳಗೆ ಇರುವುದು ದೂರೇ, ಓದುವುದೇನು? ನಾನು ತೆಗೆದು ಓದಿ ಹೇಳಿದೆ. ಅವನು ಗಾಡಿಯ ಮೇಲೆ ಕೂತೇ ಕೇಳಿದ. ಆಮೇಲೆ ಅವನೇ ಇನ್ನೊಂದು ಸಲ ಓದಿಕೊಂಡ. ವರದಿಯನ್ನು ನನ್ನ ಕೈಯಲ್ಲೇ ಬರೆಸಿದ, 30 ರೂಪಾಯಿ ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ. ವರದಿ ಹೀಗಿತ್ತು: 'ಅರ್ಜಿದಾರರನ್ನು ಸ್ಥಳದಲ್ಲಿ ಭೇಟಿ ಮಾಡಲಾಗಿದೆ. ಕಾಫಿ ಸ್ವೀಕರಿಸಲಾಗಿದೆ. ಅರ್ಜಿಯನ್ನು ವಿಲೇ ಮಾಡಬಹುದು.' ಎರಡನೆಯ ವಾಕ್ಯವನ್ನು ಅವನು ಆಮೇಲೆ ಹೊಡೆದು ಹಾಕಿಸಿದ, ಕಚೇರಿಯಲ್ಲಿ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡಾರು ಅಂತ.

ಆದ್ದರಿಂದ ಟಪಾಲಿನವರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಗೀಟು ಹಾಕಿ. ಸ್ಕೇಲು ನಾನು ತಂದುಕೊಡುತ್ತೇನೆ. ಆ ಕಾಲಂನ ಕಾಗದಕ್ಕೆ ವರದಿ ಕೇಳಬೇಡಿ, ಜ್ಞಾಪನ ಹೊಡೆಯಬೇಡಿ, ಯಾರ ಹೆಸರಿದೆಯೋ ಅವರಿಗೆ ಒಂದು ನಕಲು ಕೊಟ್ಟರೆ ಸಾಕು. ಊರಿನವರಲ್ಲಿಯೂ ಒಂದು ಮಾತು: ಈ ಬಗೆಯ ಕಾಗದ ಬರೆಸಲು ಬಂದವರ ಹತ್ತಿರ ಇನ್ನು ಮುಂದೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲನೆಯದನ್ನು ನಾನೇ ಬರೆಯಬೇಕಿದೆ, ಲೈನ್‌ಮನ್‌ಗೆ. ಅವನ ಹೆಸರು ಕೇಳಿಕೊಂಡಿಲ್ಲ.


ಅಕ್ಕೂರಿನ ಅರ್ಜಿ ಬರೆಯುವವನು.

ಅಡಕ: ಅಜ್ಜಿಯ ಕಾಗದದ ನಕಲು, ಹೇಳಿದ ಹಾಗೇ ಬರೆದದ್ದು.

'ಮಗಾ, ದುಡ್ಡು ಬಂತು. ಐದು ತಿಂಗಳದೂ ಒಟ್ಟಿಗೇ ಬಂತು. ಔಷಧಿ ಅಂಗ್ಡಿ ಸಾಲ ತೀರಿಸ್ದೆ. ನೀನು ಗಾಡಿ ನಿಧಾನಕ್ಕೆ ಓಡ್ಸಿದ್ದೆ, ನಂಗೆ ಭಯ ಆಗ್ನಿಲ್ಲ. ನಿಮ್ಮವ್ವ ಯಾರೋ, ಅವಳ ಹೊಟ್ಟೆ ತಣ್ಣಗಿರ್ಲಿ. ಅವತ್ತು ಬಾಗ್ಲಲ್ಲಿ ಇಳಿಸಿ ಕಾಫಿ ಕುಡೀದೆ ಹೊಂಟೋದೆ. ಮನೇಲಿ ಹಾಲಿರ್ನಿಲ್ಲ, ಅದ್ಕೆ ನಾನೂ ಬಲವಂತ ಮಾಡ್ನಿಲ್ಲ. ಈಗ ಐತೆ.'